ಹದಿನೆಂಟು ಬ್ಯಾಂಡು, ಮೂರು ಹಾಡು

ತಾಲ್ಲೂಕು ಸಾಹಿತ್ಯ ಸಮ್ಮೇಳನದ ಕವಿಗೋಷ್ಠಿಯಲ್ಲಿ ಕೊನೆಯವರೆಗೂ ಕೂತವರಿಗೆ ಈ ವಾರದ ವಿಷಯ ಅರ್ಧ ಗೊತ್ತಿರುವಂಥದ್ದೇ. ಆಹ್ವಾನ ಪತ್ರಿಕೆಯಲ್ಲಿ ಮೂವತ್ತು ಕವಿಗಳ ಹೆಸರು. ವೇದಿಕೆಯ ಮೇಲೆ ಅಷ್ಟೇ ಕುರ್ಚಿ, ಕೆಳಗೆ ಅದಕ್ಕಿಂತ ತುಸು ಕಡಿಮೆ ಜನ. ನಾಲ್ಕನೆಯವರು ಓದುವಾಗ ಕಿವಿ ನೆಟ್ಟಗಾಗುತ್ತದೆ, ಹದಿಮೂರನೆಯವರ ಹೊತ್ತಿಗೆ ಅಡುಗೆ ಕಡೆಯಿಂದ ಒಗ್ಗರಣೆ ವಾಸನೆ ಬರುತ್ತದೆ, ಇಪ್ಪತ್ತೊಂದನೆಯವರು ‘ಎರಡೇ ನಿಮಿಷ’ ಎಂದು ಹೇಳಿ ಖಂಡಕಾವ್ಯ ತೆಗೆಯುತ್ತಾರೆ. ಹೊರಗೆ ಬಂದ ಮೇಲೆ ಯಾರಾದರೂ ಗೋಷ್ಠಿ ಹೇಗಿತ್ತು ಎಂದು ಕೇಳಿದರೆ ಒಂದೇ ಮಾತಿನ ಉತ್ತರ ಹೊಳೆಯುವುದಿಲ್ಲ. ಚೆನ್ನಾಗಿತ್ತು ಎನ್ನಲು ಬಾಯಿ ಬಾರದು. ಆ ಒಬ್ಬರಿಬ್ಬರನ್ನು ನೆನೆದರೆ ಕೆಟ್ಟದಾಗಿತ್ತು ಎನ್ನಲೂ ಮನಸ್ಸು ಒಪ್ಪದು.

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹೊಸದುರ್ಗದ ಕಡೆಯ ಹುಡುಗನೊಬ್ಬ ಹಿರಿಯೂರು ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಇಂಥದೇ ಇಕ್ಕಟ್ಟಿನಲ್ಲಿದ್ದ. ಕಿವಿಯಲ್ಲಿ ಇಯರ್‌ಫೋನ್, ಎದೆಯ ಮೇಲೆ ಯಾವ ಭಾಷೆಯದೆಂದು ತಿಳಿಯದ, ಬೇರುಗಳು ಹೆಣೆದುಕೊಂಡಂತಿರುವ ಅಕ್ಷರಗಳ ಕಪ್ಪು ಅಂಗಿ. ಅಂಡರ್‌ಗ್ರೌಂಡ್ ಬ್ಲ್ಯಾಕ್ ಮೆಟಲ್ ಬ್ಯಾಂಡುಗಳ ಸಂಕಲನ ಆಲ್ಬಮ್ ಒಂದನ್ನು ದುಡ್ಡು ಕೊಟ್ಟು ಇಳಿಸಿಕೊಂಡಿದ್ದನಂತೆ. ‘ಹದಿನೆಂಟು ಬ್ಯಾಂಡ್ ಇದಾವೆ ಸಾರ್, ಕೇಳೋ ಹಂಗಿರೋದು ಮೂರೇ. ದುಡ್ಡು ದಂಡ ಅನ್ಸುತ್ತೆ. ಆದ್ರೆ ಆ ಮೂರನ್ನ ಬಿಡೋಕೂ ಆಗ್ತಿಲ್ಲ’ ಎಂದ. ಹೊಸದುರ್ಗದ ಬಸ್ಸು ಬಂತು, ಹತ್ತಿಕೊಂಡು ಹೋದ. ಬಸ್ಸು ಬಂದದ್ದರಿಂದ ಬಚಾವಾದೆ, ಏಕೆಂದರೆ ಇದಕ್ಕೆ ಉತ್ತರ ಹೇಳಲು ಒಂದು ಅಂಕಣದಷ್ಟಾದರೂ ಜಾಗ ಬೇಕು.

ಈ ಸಂಗೀತವೆಂದರೆ ಏನು ಎಂದು ಕೇಳುವ ಓದುಗರಿಗೆ ಮೊದಲು ನಾಲ್ಕು ಮಾತು. ಇಂಗ್ಲೆಂಡಿನ ನ್ಯೂಕಾಸಲ್ ಊರಿನ ವೆನಮ್ ಎಂಬ ಬ್ಯಾಂಡು 1982ರಲ್ಲಿ ತನ್ನ ಎರಡನೆಯ ಆಲ್ಬಮ್ಮಿಗೆ ‘ಬ್ಲ್ಯಾಕ್ ಮೆಟಲ್’ ಎಂದು ಹೆಸರಿಟ್ಟಿತು, ಮುಂದೆ ಆ ಹೆಸರು ಒಂದಿಡೀ ಪ್ರಕಾರಕ್ಕೆ ಅಂಟಿಕೊಂಡಿತು. ಈಗ ನಾವು ಕೇಳುವ ರೂಪ ಅದಕ್ಕೆ ಬಂದದ್ದು 1990ರ ದಶಕದ ಆರಂಭದಲ್ಲಿ, ನಾರ್ವೆಯಲ್ಲಿ. ಮೇಹೆಮ್, ಡಾರ್ಕ್‌ಥ್ರೋನ್, ಬರ್ಜುಮ್, ಇಮ್ಮಾರ್ಟಲ್, ಎಂಪರರ್ ಅಲ್ಲಿಯ ಮುಖ್ಯ ಹೆಸರುಗಳು. ಗಿಟಾರಿನ ತಂತಿಯನ್ನು ಬಿಡುವಿಲ್ಲದೆ ಮೇಲೆ ಕೆಳಗೆ ಮೀಟಿ ಸ್ವರಗಳನ್ನು ಒಂದರೊಳಗೊಂದು ಕರಗಿಸುತ್ತಾರೆ. ಡ್ರಮ್ಮು ಕಣ್ಣು ಮಿಟುಕಿಸಲೂ ಬಿಡದ ಓಟದಲ್ಲಿರುತ್ತದೆ. ದನಿ ಹಾಡುವುದಿಲ್ಲ, ಕೀರುತ್ತದೆ. ಮುಖಕ್ಕೆ ಹೆಣದ ಬಣ್ಣ, ಹಿನ್ನೆಲೆಗೆ ಹಿಮದ ಕಾಡು. ನಮ್ಮ ಜೋಗಿಮಟ್ಟಿಯ ಚಳಿಯ ಬೆಳಗು ಅಂಥ ಫೋಟೋಗೆ ಹೇಳಿ ಮಾಡಿಸಿದ ಜಾಗ. ಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿ ಯಂತ್ರಗಳು ಚೌಕಟ್ಟಿನೊಳಗೆ ಬರದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ.

ಇದರ ಚರಿತ್ರೆಯಲ್ಲಿ ರಕ್ತವೂ ಇದೆ, ಅದನ್ನು ಮುಚ್ಚಿಡಬಾರದು. 1992ರ ಜೂನ್‌ನಲ್ಲಿ ಬರ್ಗೆನ್ ಬಳಿಯ ಫಾಂಟಾಫ್ಟ್‌ನ ಮರದ ಚರ್ಚು ಸುಟ್ಟು ಬೂದಿಯಾಯಿತು. ಅದರ ಬೆನ್ನಿಗೆ ಇನ್ನೂ ಹಲವು ಚರ್ಚುಗಳಿಗೆ ಬೆಂಕಿ ಬಿತ್ತು. 1993ರ ಆಗಸ್ಟ್‌ನಲ್ಲಿ ಮೇಹೆಮ್‌ನ ಗಿಟಾರ್ ವಾದಕ ಯೂರೋನಿಮಸ್‌ನನ್ನು ಬರ್ಜುಮ್‌ನ ವಾರ್ಗ್ ವಿಕೆರ್ನೆಸ್ ಇರಿದು ಕೊಂದ. ಮರುವರ್ಷ ಅವನಿಗೆ 21 ವರ್ಷಗಳ ಶಿಕ್ಷೆಯಾಯಿತು. ಸಂಗೀತಕ್ಕಿಂತ ಮೊದಲು ಈ ಸುದ್ದಿಯೇ ಜಗತ್ತನ್ನು ಸುತ್ತಿಬಂತು.

ಇನ್ನು ನಮ್ಮ ರಾಜ್ಯ. ಮೆಟಲ್ ಎಂದರೆ ಇಲ್ಲಿ ಬೆಂಗಳೂರು. ಹೊಳಲ್ಕೆರೆ, ಹೊಸದುರ್ಗದ ಕಡೆ ಮೆಟಲ್ ಎಂದರೆ ಲಾರಿ ಏರಿ ಹೋಗುವ ಕಬ್ಬಿಣದ ಅದಿರು, ಇಂಗಳದಾಳಿನವರಿಗೆ ತಾಮ್ರ. 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅರಮನೆ ಮೈದಾನದಲ್ಲಿ ನುಡಿಸಿದವು. ಅದಕ್ಕೆ ಎಷ್ಟೋ ಮೊದಲಿಂದ, ಅಂದರೆ 1998ರಿಂದಲೇ ಬೆಂಗಳೂರಿನ ಕ್ರಿಪ್ಟೋಸ್ ಇದೆ. ಆಮೇಲೆ ಬಂದದ್ದು ಬೇವರ್ ಸೀ. ಕನ್ನಡದವರಿಗೆ ಈ ಹೆಸರನ್ನು ಜೋರಾಗಿ ಓದಿ ತೋರಿಸಿದರೆ ಸಾಕು, ಬಿಡಿಸಿ ಹೇಳಬೇಕಿಲ್ಲ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ದ್ವೇಷ ಎಂಬ ಬೆಂಗಳೂರಿನ ಬ್ಯಾಂಡು. ಇವರು ಕನ್ನಡದಲ್ಲೇ ಹಾಡುತ್ತಾರೆ. 2014ರಲ್ಲಿ ಬಂದ ‘ಸ್ತೂಪ’ ಎಂಬ ಇವರ ಆಲ್ಬಮ್ಮನ್ನು ಹೊರತಂದದ್ದು ಜರ್ಮನಿಯ ಡುಂಕೆಲ್‌ಹೈಟ್ ಎಂಬ ಸಣ್ಣ ಸಂಸ್ಥೆ. ಹೊಯ್ಸಳರ ಸಳ ಕೂಡ ಇವರ ಹಾಡಿಗೆ ವಸ್ತುವಾಗಿದ್ದಾನೆ. ಲೆಕ್ಕದ ಪ್ರಕಾರ ಇವರದು ಬ್ಲ್ಯಾಕ್ ಮೆಟಲ್ ಅಲ್ಲ, ಹಳೆಯ ಮಾದರಿಯ ಡೆತ್ ಮೆಟಲ್. ಅಲ್ಲಿ ದನಿ ಕೀರುವುದಿಲ್ಲ, ಹೊಟ್ಟೆಯೊಳಗಿಂದ ಗುರುಗುಟ್ಟುತ್ತದೆ. ಅಭಿಮಾನಿಗಳು ಈ ಭೇದಕ್ಕಾಗಿ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನಮಗೆ ಇಷ್ಟು ಸಾಕು.

ಈಗ ಸಂಕಲನದ ಮಾತು. ಒಂದು ಬ್ಯಾಂಡಿನ ಆಲ್ಬಮ್ ಒಂದೇ ಸ್ಟುಡಿಯೋದಲ್ಲಿ, ಒಂದೇ ಕೈಕೆಳಗೆ, ಒಂದೇ ತಿಂಗಳಲ್ಲಿ ಮುಗಿಯಬಹುದು. ಸಂಕಲನ ಹಾಗಲ್ಲ. ಸಣ್ಣ ಸಂಸ್ಥೆಯವರೊಬ್ಬರು, ಎಷ್ಟೋ ಸಲ ಸಂಸ್ಥೆ ಎಂದರೆ ಒಬ್ಬನೇ ಮನುಷ್ಯ, ಊರೂರಿನ ಬ್ಯಾಂಡುಗಳಿಗೆ ‘ಒಂದೊಂದು ಹಾಡು ಕಳಿಸಿ’ ಎಂದು ಬರೆಯುತ್ತಾರೆ. ಒಬ್ಬರು ಸ್ಟುಡಿಯೋಗೆ ದುಡ್ಡು ಸುರಿದು ಮಾಡಿದ್ದನ್ನು ಕಳಿಸುತ್ತಾರೆ. ಇನ್ನೊಬ್ಬರು ಮಲಗುವ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಡ್ರಮ್ಮನ್ನು ಕಂಪ್ಯೂಟರಿನಿಂದಲೇ ಬಾರಿಸಿ ಮುಗಿಸುತ್ತಾರೆ. ಮತ್ತೊಬ್ಬರು ಹಳೆಯ ಡೆಮೊ ಕ್ಯಾಸೆಟ್ಟಿನಿಂದ ನಕಲು ಮಾಡಿದ್ದನ್ನು ಕಳಿಸುತ್ತಾರೆ, ಸರಸರ ಸದ್ದಿನ ಸಮೇತ. ತಮ್ಮ ಒಳ್ಳೆಯ ಹಾಡನ್ನು ಸ್ವಂತ ಆಲ್ಬಮ್ಮಿಗೆ ಎತ್ತಿಟ್ಟುಕೊಂಡು, ಅಲ್ಲಿ ಸಲ್ಲದ ಹಾಡನ್ನು ಇಲ್ಲಿಗೆ ಸಾಗಹಾಕುವವರೂ ಉಂಟು. ಕೊನೆಗೆ ಎಲ್ಲವನ್ನೂ ಸಾಲಾಗಿ ಜೋಡಿಸಿ ಗಟ್ಟಿತನವನ್ನು ಒಂದು ಮಟ್ಟಕ್ಕೆ ತರುತ್ತಾರೆ, ಇದೇ ಮಾಸ್ಟರಿಂಗ್. ಮೆಲ್ಲಗಿದ್ದದ್ದನ್ನು ಜೋರು ಮಾಡಬಹುದು. ಆದರೆ ಹಾಡಿನ ಜೊತೆಗೆ ಅದರ ಸರಸರವೂ ಜೋರಾಗುತ್ತದೆ. ಗಿಟಾರು, ಡ್ರಮ್ಮು, ದನಿ ಮೂರೂ ಒಂದೇ ಮುದ್ದೆಯಾಗಿ ಬಂದಿದ್ದರೆ ಬಿಡಿಸುವುದು ಯಾರಿಂದಲೂ ಸುಲಭವಲ್ಲ.

ಬ್ಯಾಂಡುಗಳಿಂದಲೇ ಇಷ್ಟಿಷ್ಟೆಂದು ದುಡ್ಡು ಪಡೆದು ಜಾಗ ಕೊಡುವ ಸಂಕಲನಗಳದ್ದು ಬೇರೆಯೇ ಜಾತಿ. ಪುಟಕ್ಕಿಷ್ಟು ಕೊಟ್ಟು, ಐದು ಪ್ರತಿ ಕೊಂಡು ‘ಪ್ರಾತಿನಿಧಿಕ ಕವನ ಸಂಕಲನ’ದಲ್ಲಿ ಸೇರಿದವರು ನಮ್ಮಲ್ಲೂ ಇದ್ದಾರೆ, ಹೆಚ್ಚು ವಿವರಿಸುವುದು ಬೇಡ.

ಹೀಗೆ ಹುಟ್ಟುವ ವಸ್ತುವಿನ ಮಟ್ಟ ಏರುಪೇರಾಗದೆ ಇದ್ದರೆ ಆಶ್ಚರ್ಯ. ಆದರೆ ಹುಡುಗ ಹೇಳಿದ ‘ಮೂರೇ ಚೆನ್ನಾಗಿವೆ’ ಎಂಬ ಲೆಕ್ಕವನ್ನು ನಾನು ಇನ್ನೊಮ್ಮೆ ನೋಡುತ್ತೇನೆ. ಉಳಿದ ಹದಿನೈದು ಎಲ್ಲವೂ ಒಂದೇ ಕಾರಣಕ್ಕೆ ಕೆಟ್ಟಿವೆಯೇ? ಧ್ವನಿಮುದ್ರಣ ಕೆಟ್ಟಿರುವುದು ಒಂದು, ಹಾಡೇ ಕೆಟ್ಟಿರುವುದು ಇನ್ನೊಂದು. ಮೊದಲ ಸಲ ಕೇಳುವಾಗ ಕಿವಿಗೆ ಈ ಎರಡೂ ಒಂದೇ ಥರ ಕೇಳಿಸುತ್ತವೆ. ಬ್ಲ್ಯಾಕ್ ಮೆಟಲ್ ಕೇಳುವವರು ಮೊದಲು ಕಲಿಯಬೇಕಾದದ್ದು ಇವೆರಡನ್ನು ಬೇರೆ ಮಾಡುವುದನ್ನೇ.

ಏಕೆಂದರೆ ಈ ಪ್ರಕಾರದ ದೊಡ್ಡ ಕೃತಿಗಳಲ್ಲಿ ಕೆಲವು ಬೇಕೆಂದೇ ಕೆಟ್ಟ ಮುದ್ರಣದಲ್ಲಿ ಬಂದವು. ಡಾರ್ಕ್‌ಥ್ರೋನ್‌ನ ‘ಟ್ರಾನ್ಸಿಲ್ವೇನಿಯನ್ ಹಂಗರ್’ 1994ರದು. ಫೆನ್ರಿಜ್ ಎಂಬುವನು ಒಬ್ಬನೇ ಎಲ್ಲ ವಾದ್ಯ ನುಡಿಸಿ, ನಾಲ್ಕೇ ಟ್ರ್ಯಾಕಿನ ಮನೆಯ ಯಂತ್ರದಲ್ಲಿ ಅದನ್ನು ತುಂಬಿಕೊಂಡ. ಬರ್ಜುಮ್‌ನ ‘ಫಿಲೊಸೊಫೆಮ್’ 1993ರಲ್ಲಿ ಮುದ್ರಣವಾಗಿ 1996ರಲ್ಲಿ ಹೊರಬಂತು. ಅದಕ್ಕೆ ಗಿಟಾರನ್ನು ಮನೆಯಲ್ಲಿ ಹಾಡು ಕೇಳುವ ಸ್ಟೀರಿಯೊ ಆಂಪ್ಲಿಫಯರಿಗೆ ಸಿಕ್ಕಿಸಿದರು, ದನಿಗೆ ಸ್ಟುಡಿಯೋದ ಒಳ್ಳೆಯ ಮೈಕುಗಳನ್ನೆಲ್ಲ ಬಿಟ್ಟು ತಲೆಗೆ ಹಾಕುವ ಹೆಡ್‌ಸೆಟ್ಟಿನ ಮೈಕು ಹಿಡಿದರು. ಆ ದನಿ ಕೆಟ್ಟುಹೋದ ದೂರವಾಣಿಯಿಂದ ಬಂದಂತಿದೆ. ಬೇಕಾಗಿದ್ದದ್ದೂ ಅದೇ. ಅದೇ ಕಾಲದಲ್ಲಿ ಎಂಪರರ್‌ನವರು ಬರ್ಗೆನ್‌ನ ದೊಡ್ಡ ಸಂಗೀತ ಭವನವಾದ ಗ್ರೀಗ್‌ಹಾಲೆನ್‌ನಲ್ಲಿ ಕೂತು, ಕೀಬೋರ್ಡುಗಳನ್ನು ಪದರಪದರವಾಗಿ ಹಾಸಿ ‘ಇನ್ ದ ನೈಟ್‌ಸೈಡ್ ಎಕ್ಲಿಪ್ಸ್’ ಮಾಡಿದರು. ಬರ್ಜುಮ್‌ನದು, ಎಂಪರರ್‌ನದು ಎರಡೂ ಒಂದೇ ದೇಶದವು, ಒಂದೇ ಪ್ರಕಾರದವು, ಎರಡೂ ಒಳ್ಳೆಯವೇ. ಇವೆರಡರಿಂದ ಒಂದೊಂದು ಹಾಡು ತೆಗೆದು ಸಂಕಲನದಲ್ಲಿ ಅಕ್ಕಪಕ್ಕ ಇಟ್ಟರೆ ಎರಡನೆಯದು ಶುರುವಾದ ಕೂಡಲೇ ಕೇಳುಗ ಫೋನಿನ ದನಿ ಏರಿಸಲು ಬೆರಳು ಹಾಕುತ್ತಾನೆ. ಆ ಬೆರಳಿನ ಕಿರಿಕಿರಿಗೆ ಹಾಡನ್ನು ಹೊಣೆ ಮಾಡಬಾರದು.

ನಮ್ಮ ಚಿತ್ರದುರ್ಗ ಜಿಲ್ಲೆಯವರಿಗೆ ಇದು ಹೊಸ ಪಾಠವಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ, ಸಾವಿರಾರು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದವರು. ಕೃಷ್ಣಮೂರ್ತಿ ಹನೂರು ಅವುಗಳನ್ನು ಕೇಳಿ ಬರೆದುಕೊಂಡು ‘ಸಾವಿರದ ಸಿರಿ ಬೆಳಗು’ ಎಂಬ ಸಂಗ್ರಹ ತಂದರು. ಕಾಡುಗೊಲ್ಲರ, ಮ್ಯಾಸಬೇಡರ ಹಟ್ಟಿಗಳಲ್ಲಿ ಟೇಪ್ ರೆಕಾರ್ಡರ್ ಹಿಡಿದು ಕೂತವರ ಕ್ಯಾಸೆಟ್ಟು ಕೇಳಿದ್ದೀರಾ? ಹಾಡುವ ಅಜ್ಜಿಯ ಜೊತೆಗೆ ಕುರಿ ಒದರುತ್ತದೆ, ಮಗು ಅಳುತ್ತದೆ, ಯಾರೋ ‘ನೀರು ಬಿಟ್ಟವ್ರೆ’ ಎಂದು ಕೂಗುತ್ತಾರೆ. ಇದರಿಂದ ಹಾಡಿನ ಬೆಲೆ ಒಂದು ಕಾಸೂ ಕಡಿಮೆಯಾಗುವುದಿಲ್ಲ ಎಂದು ಜಾನಪದದವರು ಯಾವತ್ತೋ ಒಪ್ಪಿಕೊಂಡಿದ್ದಾರೆ. ಅದೇ ಹಾಡುಗಳನ್ನು ಆಮೇಲೆ ಸ್ಟುಡಿಯೋದಲ್ಲಿ ಕೀಬೋರ್ಡು, ರಿದಮ್ ಪ್ಯಾಡ್ ಸೇರಿಸಿ ತಂದ ಕ್ಯಾಸೆಟ್ಟುಗಳೂ ಇದ್ದವು. ಗಾಜಿನಂಥ ಮುದ್ರಣ. ಒಳಗೆ ಉಸಿರಿಲ್ಲ.

ಸಂಕಲನದ ಏರುಪೇರಿನಿಂದಲೇ ಒಂದು ಪ್ರಕಾರದ ಹಣೆಬರಹ ಬದಲಾದ ಉದಾಹರಣೆ ಸ್ವೀಡನ್ನಿನದು. 1984ರಲ್ಲಿ ‘ಸ್ಕ್ಯಾಂಡಿನೇವಿಯನ್ ಮೆಟಲ್ ಅಟ್ಯಾಕ್’ ಎಂಬ ಸಂಕಲನ ಬಂತು. ಓಜ್, ಟ್ರ್ಯಾಶ್ ಮೊದಲಾದ ಬ್ಯಾಂಡುಗಳು ಅದರಲ್ಲಿದ್ದವು. ಆ ಕಾಲಕ್ಕೆ ತಕ್ಕ, ಅಚ್ಚುಕಟ್ಟಾದ ಹೆವಿ ಮೆಟಲ್. ಬರಬೇಕಾಗಿದ್ದ ಒಂದು ಬ್ಯಾಂಡು ಕೊನೆ ಗಳಿಗೆಯಲ್ಲಿ ಕೈಕೊಟ್ಟಿತು. ಜಾಗ ತುಂಬಬೇಕಿತ್ತು. ಹೊರತರುತ್ತಿದ್ದ ಸಂಸ್ಥೆಯಲ್ಲೇ ಚಿಲ್ಲರೆ ಕೆಲಸ ಮಾಡಿಕೊಂಡಿದ್ದ ಕ್ವಾರ್ಥಾನ್ ಎಂಬ ಹದಿಹರೆಯದ ಹುಡುಗ ತನ್ನ ಬ್ಯಾಂಡಿನ ಎರಡು ಹಾಡು ಕೊಟ್ಟ. ಬ್ಯಾಂಡಿನ ಹೆಸರು ಬ್ಯಾಥೊರಿ. ಮುದ್ರಣ ಒರಟು, ನುಡಿಸುವುದೂ ಒರಟು, ಉಳಿದವರ ಪಕ್ಕ ನಿಲ್ಲಿಸಿದರೆ ಮದುವೆಮನೆಗೆ ಕರೆಯದೆ ಬಂದವರ ಹಾಗೆ. ಆದರೆ ಸಂಕಲನ ಕೇಳಿದವರು ಬರೆದ ಕಾಗದಗಳಲ್ಲಿ ಬಹುಪಾಲು ವಿಚಾರಿಸಿದ್ದು ಆ ಬ್ಯಾಂಡನ್ನೇ. ಅದೇ ವರ್ಷ ಅವರ ಮೊದಲ ಆಲ್ಬಮ್ ಬಂತು, ಅದೂ ಗ್ಯಾರೇಜನ್ನು ಸ್ಟುಡಿಯೋ ಮಾಡಿಕೊಂಡ ಜಾಗದಲ್ಲಿ. ಮುಂದೆ ನಾರ್ವೆಯ ಹುಡುಗರು ಕಲಿತದ್ದು ಬ್ಯಾಥೊರಿಯ ಆಲ್ಬಮ್ಮುಗಳಿಂದ. ಸಂಕಲನಕಾರರು ಎಲ್ಲರ ಮಟ್ಟ ಸಮವಾಗಿರಲಿ ಎಂದು ಹಟ ಹಿಡಿದಿದ್ದರೆ ಮೊದಲು ಹೊರಗೆ ಹೋಗುತ್ತಿದ್ದದ್ದು ಬ್ಯಾಥೊರಿಯೇ.

ಇದಕ್ಕೆ ಎರಡು ವರ್ಷ ಮೊದಲು ಅಮೆರಿಕದಲ್ಲೂ ಇಂಥದೇ ನಡೆದಿತ್ತು. ಬ್ರಯಾನ್ ಸ್ಲೇಗೆಲ್ 1982ರಲ್ಲಿ ತಂದ ‘ಮೆಟಲ್ ಮ್ಯಾಸಕರ್’ ಸಂಕಲನದಲ್ಲಿ ಜಾಗವಿದೆ ಎಂದು ಗೊತ್ತಾದ ಮೇಲೆಯೇ ಲಾರ್ಸ್ ಉಲ್ರಿಕ್ ಒಂದು ಬ್ಯಾಂಡು ಕೂಡಿಸಲು ಓಡಾಡಿದ್ದು. ಮೊದಲ ಮುದ್ರಣದಲ್ಲಿ ಆ ಬ್ಯಾಂಡಿನ ಹೆಸರಿಗೆ ಒಂದು ‘ಟಿ’ ಹೆಚ್ಚು ಬಿದ್ದಿತ್ತು. 2011ರಲ್ಲಿ ಅರಮನೆ ಮೈದಾನ ತುಂಬಿಸಿದ್ದು ಅದೇ ಬ್ಯಾಂಡು.

ಒಳ್ಳೆಯದು ಕೆಟ್ಟದು ಎಂಬ ತೂಕಕ್ಕೆ ಸಿಕ್ಕದ ಇನ್ನೊಂದು ಕೆಲಸವನ್ನೂ ಸಂಕಲನಗಳು ಮಾಡುತ್ತವೆ. 1991ರ ‘ಪ್ರೊಜೆಕ್ಷನ್ಸ್ ಆಫ್ ಎ ಸ್ಟೇಯ್ನ್ಡ್ ಮೈಂಡ್’ ಎಂಬ ಸ್ವೀಡಿಶ್ ಸಂಕಲನದ ತುಂಬ ಸ್ವೀಡನ್ನಿನ ಡೆತ್ ಮೆಟಲ್ ಬ್ಯಾಂಡುಗಳು. ನಡುವೆ ಪಕ್ಕದ ನಾರ್ವೆಯ ಮೇಹೆಮ್‌ನ ಎರಡು ಹಾಡು. ಆಗ ಮೇಹೆಮ್‌ಗೆ ಹಾಡುತ್ತಿದ್ದವನು ಡೆಡ್ ಎಂಬ ಹೆಸರಿಟ್ಟುಕೊಂಡ ಸ್ವೀಡನ್ನಿನ ಹುಡುಗ. ಅದೇ ವರ್ಷದ ಏಪ್ರಿಲ್‌ನಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವನು ಜೀವ ಕಳೆದುಕೊಂಡ. ಬ್ಯಾಂಡಿನ ಹೆಸರುವಾಸಿ ಆಲ್ಬಮ್ 1994ರಲ್ಲಿ ಬಂದಾಗ ಹಾಡಿದ್ದು ಬೇರೆಯವನು. ಮೇಹೆಮ್‌ಗಾಗಿ ಸ್ಟುಡಿಯೋದಲ್ಲಿ ಹಾಡಿದ ಡೆಡ್‌ನ ದನಿ ಹೇಗಿತ್ತೆಂದು ತಿಳಿಯಲು ಇವತ್ತಿಗೂ ಹೋಗಬೇಕಾದದ್ದು ಆ ಸಂಕಲನದ ಎರಡು ಹಾಡುಗಳಿಗೇ.

ಕನ್ನಡ ಸಾಹಿತ್ಯದ ಚರಿತ್ರೆ ಓದಿದವರಿಗೆ ಇಲ್ಲಿ ಮಲ್ಲಿಕಾರ್ಜುನನ ನೆನಪಾಗಬೇಕು. ಕೇಶಿರಾಜನ ತಂದೆ, 13ನೆಯ ಶತಮಾನದವನು, ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ‘ಸೂಕ್ತಿಸುಧಾರ್ಣವ’ ಎಂಬ ಪದ್ಯ ಸಂಕಲನ ಮಾಡಿದ. ಸಮುದ್ರ, ಪರ್ವತ, ಸೂರ್ಯೋದಯ ಎಂಬಂತೆ ವರ್ಣನೆಗಳ ಪ್ರಕಾರ ಪದ್ಯಗಳನ್ನು ಜೋಡಿಸಿದ್ದಾನೆ. ಒಟ್ಟಿಗೆ ಓದಿದರೆ ಬೇಸರ ಬರುತ್ತದೆ, ಒಂದಾದ ಮೇಲೊಂದು ಚಂದ್ರೋದಯವನ್ನು ಎಷ್ಟು ಅಂತ ನೋಡುವುದು! ಆದರೆ ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ದಂಥ ಕಾವ್ಯಗಳು ನಮಗೆ ಸಿಕ್ಕಿಲ್ಲ. ಇಂಥ ಸಂಕಲನಗಳಲ್ಲೂ ಲಕ್ಷಣಗ್ರಂಥಗಳಲ್ಲೂ ಉಳಿದ ಪದ್ಯಗಳಷ್ಟೇ ಅವುಗಳ ಗುರುತು. ಸಂಕಲನಕಾರನ ಅಭಿರುಚಿಯನ್ನು ಮೆಚ್ಚದವರೂ ಅವನ ಉಗ್ರಾಣಕ್ಕೆ ಹೋಗಲೇಬೇಕು.

ಇಷ್ಟೆಲ್ಲ ಹೇಳಿದ್ದರಿಂದ ಸಂಕಲನಕಾರರನ್ನು ಪೂರ್ತಿ ಬಿಟ್ಟುಬಿಟ್ಟೆ ಎಂದುಕೊಳ್ಳಬೇಡಿ. ಮುದ್ರಣದ ಏರುಪೇರನ್ನು ಕ್ಷಮಿಸುತ್ತೇನೆ, ಆಯ್ಕೆಯ ಸೋಮಾರಿತನವನ್ನು ಕ್ಷಮಿಸುವುದಿಲ್ಲ. ಹದಿನೆಂಟು ಬ್ಯಾಂಡು ಏಕೆ ಬೇಕಿತ್ತು? ಬಹುಮಟ್ಟಿಗೆ ಉತ್ತರ ಒಂದೇ: ಯಾರಿಗೂ ಬೇಡ ಎನ್ನಲು ದಾಕ್ಷಿಣ್ಯ. ಹಳೆಯ ಎಲ್‌ಪಿಯ ಒಂದು ಮಗ್ಗುಲಿಗೆ ಇಪ್ಪತ್ತು ಇಪ್ಪತ್ತೆರಡು ನಿಮಿಷ ಮೀರಿದರೆ ದನಿ ಸಣ್ಣಗಾಗುತ್ತಿತ್ತು. ಆ ಅಂಕೆಯಿಂದಾಗಿ ಸಂಕಲನಕಾರ ಕತ್ತರಿ ಹಿಡಿಯಲೇಬೇಕಾಗಿತ್ತು. ಸಿಡಿಯಲ್ಲಿ ಸುಮಾರು 80 ನಿಮಿಷ ಹಿಡಿಯುತ್ತಿತ್ತು. ಈಗ ಬ್ಯಾಂಡ್‌ಕ್ಯಾಂಪ್‌ನಂಥ ಜಾಲತಾಣದಲ್ಲಿ ಇಳಿಸಿಕೊಳ್ಳುವ ಕಾಲದಲ್ಲಿ ಜಾಗಕ್ಕೆ ಬಾಡಿಗೆಯೇ ಇಲ್ಲ, ಐವತ್ತು ಬ್ಯಾಂಡುಗಳನ್ನು ತುಂಬಿದರೂ ಕೇಳುವವರಿಲ್ಲ. ಎರಡು ಅರ್ಥದಲ್ಲೂ.

ಹಾಡುಗಳ ಸಾಲು ಕಟ್ಟುವುದೂ ಆಯ್ಕೆಯ ಭಾಗವೇ. ಬಂದ ಹಾಡುಗಳನ್ನು ಬ್ಯಾಂಡಿನ ಹೆಸರಿನ ಅಕ್ಷರಮಾಲೆಯ ಪ್ರಕಾರ ಜೋಡಿಸಿದ ಸಂಕಲನ ಕಂಡರೆ ಅದನ್ನು ಜೋಡಿಸಿದವರು ಒಮ್ಮೆಯೂ ಪೂರ್ತಿ ಕೇಳಿಲ್ಲ ಎಂದು ನನಗೆ ಗುಮಾನಿ. ಒರಟು ಮುದ್ರಣದ ಹಾಡುಗಳನ್ನು ಒಂದು ಗುಂಪಾಗಿಟ್ಟರೆ ಎರಡನೆಯದರ ಹೊತ್ತಿಗೆ ಕಿವಿ ಒಗ್ಗಿಕೊಳ್ಳುತ್ತದೆ, ಸರಸರದ ಹಿಂದಿನ ರಾಗ ಕಾಣತೊಡಗುತ್ತದೆ. ನುಣುಪಾದ ಎರಡು ಹಾಡುಗಳ ನಡುವೆ ಒಂದು ಒರಟು ಹಾಡನ್ನು ಸಿಕ್ಕಿಸಿದರೆ ಅದು ಸತ್ತಂತೆಯೇ.

ಇನ್ನೊಂದು ಏರುಪೇರು ಇದೆ, ಅದನ್ನು ಹುಡುಗರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಬ್ಲ್ಯಾಕ್ ಮೆಟಲ್‌ನ ಒಂದು ಅಂಚಿನಲ್ಲಿ ನಾಜಿ ವಿಚಾರ ಹೇಳುವ ಬ್ಯಾಂಡುಗಳಿವೆ. ಹಾಡಿನ ಪದಗಳು ಯಾರಿಗೂ ತಿಳಿಯದ ಕಾರಣ ಸಂಕಲನದ ಗುಂಪಿನಲ್ಲಿ ಇವು ಸಲೀಸಾಗಿ ನುಸುಳುತ್ತವೆ, ಸಂಕಲನಕಾರರು ಕೆಲವೊಮ್ಮೆ ತಿಳಿಯದೆ, ಕೆಲವೊಮ್ಮೆ ತಿಳಿದೇ ಬಿಟ್ಟುಕೊಳ್ಳುತ್ತಾರೆ. ನಮ್ಮ ಮೈಬಣ್ಣದವರನ್ನು ಮನುಷ್ಯರೆಂದೇ ಎಣಿಸದವರ ಹಾಡನ್ನು ಹಿರಿಯೂರಿನ ಬಸ್ಸಿನಲ್ಲಿ ಕೂತು ತಲೆದೂಗಿ ಕೇಳುವುದಕ್ಕಿಂತ ದೊಡ್ಡ ತಮಾಷೆ ಇಲ್ಲ. ಸಂಕಲನ ಕೊಳ್ಳುವ ಮೊದಲು ಬ್ಯಾಂಡುಗಳ ಹೆಸರನ್ನು ಒಮ್ಮೆ ಹುಡುಕಿ ನೋಡಿ, ಐದು ನಿಮಿಷದ ಕೆಲಸ.

ಹಾಗಾದರೆ ಮೂರು ಹಾಡಿಗೆ ದುಡ್ಡು ಕೊಟ್ಟದ್ದು ದಂಡವೇ? ನನ್ನ ಲೆಕ್ಕ ಬೇರೆ. ಹಿಂದೆ ದುರ್ಗದ ಕ್ಯಾಸೆಟ್ ಅಂಗಡಿಗೆ ಖಾಲಿ ಕ್ಯಾಸೆಟ್ಟು ಕೊಟ್ಟು, ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದು ತುಂಬಿಸಿಕೊಳ್ಳುತ್ತಿದ್ದೆವು. ಅದರಲ್ಲಿ ಎಲ್ಲವೂ ನಮಗೆ ಇಷ್ಟವಾದದ್ದೇ, ಆದ್ದರಿಂದ ಹೊಸದು ಒಂದೂ ಇಲ್ಲ. ಕೊನೆಯಲ್ಲಿ ಟೇಪು ಉಳಿದರೆ ಅಂಗಡಿಯವನು ತನಗೆ ತೋಚಿದ್ದನ್ನು ತುಂಬುತ್ತಿದ್ದ, ಕೇಳಿರದ ಹೆಸರುಗಳು ಸಿಗುತ್ತಿದ್ದದ್ದು ಅಲ್ಲಿಯೇ. ಸಂಕಲನವೆಂದರೆ ಪೂರ್ತಿ ಆ ಕೊನೆಯ ಟೇಪೇ. ಹದಿನೆಂಟು ಅಪರಿಚಿತರಲ್ಲಿ ಮೂವರು ಮನಸ್ಸಿಗೆ ಹತ್ತಿದರೆ ಕೆಟ್ಟ ಲೆಕ್ಕವಲ್ಲ. ಉಳಿದ ಹದಿನೈದರಲ್ಲಿ ಮುದ್ರಣದಿಂದಷ್ಟೇ ಸೋತವು ಯಾವುವೆಂದು ಎರಡು ವಾರ ಬಿಟ್ಟು, ಬಸ್ಸಿನ ಸದ್ದಿಲ್ಲದ ಕಡೆ ಕೂತು ಇನ್ನೊಮ್ಮೆ ಕೇಳಿದರೆ ಮೂರು ಐದಾಗಬಹುದು. ಹಾಗೂ ಹತ್ತದ ಹಾಡುಗಳನ್ನು ಅಳಿಸಿಹಾಕಲು ಯಾವ ಸಂಕೋಚವೂ ಬೇಡ.

ಇಂಥದೊಂದು ಸಂಕಲನವನ್ನು ಕನ್ನಡದಲ್ಲೇ ತರಬೇಕೆಂಬ ಹುಚ್ಚು ನಮ್ಮ ಆರು ತಾಲ್ಲೂಕಿನ ಹುಡುಗರಲ್ಲಿ ಯಾರಿಗಾದರೂ ಹತ್ತಿದರೆ ಸರಕಿಗೆ ಬರವಿಲ್ಲ. 1779ರಲ್ಲಿ ಹೈದರಾಲಿಗೆ ಬಿದ್ದ ದುರ್ಗದ ಕೋಟೆ ಇದೆ, ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ ಮದಕರಿ ಇದ್ದಾನೆ, ಕಿಂಡಿಯ ಪಕ್ಕ ಒನಕೆ ಹಿಡಿದು ನಿಂತ ಓಬವ್ವ ಇದ್ದಾಳೆ. ನಾರ್ವೆಯವರು ಇಷ್ಟಕ್ಕಾಗಿ ಸಾವಿರ ವರ್ಷ ಹಿಂದೆ ಹೋಗಬೇಕಾಯಿತು. ನನ್ನ ಸಲಹೆ ಕೇಳಿದರೆ ಆರೇ ಬ್ಯಾಂಡು ಸಾಕು. ಏಳನೆಯವರಿಗೆ ಮುಖ ನೋಡಿ ಬೇಡ ಎನ್ನುವ ಗಟ್ಟಿ ಮನುಷ್ಯನೊಬ್ಬ ಇರಬೇಕು. ಬೇಡ ಎನಿಸಿಕೊಂಡವರು ಮುನಿಸಿಕೊಂಡು ಹೋಗಿ ತಮ್ಮದೇ ಒಂದು ಸಂಕಲನ ತರುತ್ತಾರೆ. ಅಲ್ಲಿಗೆ ಎರಡಾಯಿತು.